ಮೇಲಿನ ಹಲಗೆ

ದುರ್ಗಿಗುಡಿಯ ನಮ್ಮ ವೈನ್ ಶಾಪಿನಲ್ಲಿ
ಏಳು ವರ್ಷದಿಂದ ಹೋಗದೆ ಉಳಿದದ್ದು ಒಂದೇ ಬಾಟಲಿ.
ಇಟಲಿಯದು. ಕೆಂಪು.
ಚೀಟಿಯಲ್ಲೊಂದು ಗುಡ್ಡ, ಬಾಚಣಿಗೆ ಎಳೆದಂತೆ ಬಳ್ಳಿಸಾಲು,
ತುದಿಗೆ ಕಡ್ಡಿಪೆಟ್ಟಿಗೆಯಷ್ಟು ಮನೆ.

ಮಾರ್ಚಿನಲ್ಲಿ ಸ್ಟಾಕು ಎಣಿಸುವಾಗ
ಮಾಲೀಕರ ಬೈಗುಳ ಅದಕ್ಕೇ:
‘ಬಾಡಿಗೆ ಕೊಡದೆ ಕೂತವ್ನೆ ನೋಡು, ದೊರೆ.’
ನಾನು ಒರೆಸಿ ಮತ್ತೆ ನಿಲ್ಲಿಸುತ್ತಿದ್ದೆ.
ಮಲಗಿಸಿಡಬೇಕೆಂದು ಯಾರು ಹೇಳಿದ್ದರು?

ಮೊನ್ನೆ ಬೆಳಕಿಗೆ ಹಿಡಿದರೆ
ಕತ್ತಿನ ಕೆಳಗೆ ಎರಡು ಬೆರಳು ಖಾಲಿ.
ಬಿರಡೆ ಒಣಗಿ
ಯಾರೂ ಮುಟ್ಟದೆಯೇ ಯಾರೋ ಕುಡಿಯುತ್ತಿದ್ದರು.

ಶಟರು ಎಳೆದ ಮೇಲೆ ಅವರೇ ಅಂದರು, ‘ತೆಗಿಯೋ ಹಾಲೇಶ.’
ತಿರುಪು ಎಲ್ಲಿಂದ ತರಲಿ?
ಸೈಕಲ್ ಶಾಪಿನ ಮೊಳೆ, ಇಕ್ಕಳ.
ಅರ್ಧ ಬಿರಡೆ ಒಳಗೇ ಬಿತ್ತು.

ಸ್ಟೀಲ್ ಲೋಟದಲ್ಲಿ ಒಂದೊಂದು ಗುಟುಕು.
ಹುಳಿ. ಹುಳಿಯ ಹಿಂದೆ ಒಗರು,
ಅವ್ವ ಕೂಲಿಗೆ ಹೋದಲ್ಲಿ
ಹಂಡೆಯ ಚೊಗರಿಗೆ ಕದ್ದು ಬೆರಳದ್ದಿ ನೆಕ್ಕಿದ್ದೆನಲ್ಲ,
ಅದೇ.
ಮಾಲೀಕರು ಉಗುಳಿದರು.
ನಾನು ನುಂಗಿದೆ:
ಆ ಗುಡ್ಡದಲ್ಲಿ ಗೊನೆ ಕೊಯ್ದವಳ ಉಗುರೂ
ತಿಂಗಳುಗಟ್ಟಲೆ ಕಪ್ಪಾಗಿದ್ದಿರಬೇಕು.

ಪುಸ್ತಕದಲ್ಲಿ ಅವರು ಬರೆದರು:
ಒಡೆದದ್ದು, ಒಂದು.
ಹೊಳೆಬೆನವಳ್ಳಿಯ ನಮ್ಮ ಕಿಟಕಿಯಲ್ಲಿ
ಇಡಿಯಾಗಿ ನಿಂತಿದೆ ಅದು,
ಹರಳೆಣ್ಣೆ ತುಂಬಿಕೊಂಡು.