ತೇವದ ಖಾತೆ

ಕೋಳಿಮರಿ ಪೆಟ್ಟಿಗೆಯಿಂದ ಬಿಚ್ಚಿ ತಂದ
ಇನ್ನೂರ ನಲವತ್ತು ರೂಪಾಯಿಯ ಥರ್ಮೋಸ್ಟಾಟು,
ಮೀನಿನಂಗಡಿಯವನು ಕೊಟ್ಟ ಥರ್ಮೋಕೋಲ್ ಡಬ್ಬ,
ಕಂಪ್ಯೂಟರಿನ ಸತ್ತ ಫ್ಯಾನು. ಇಲ್ಲ, ಸತ್ತಿಲ್ಲ,
ಬೆನ್ನು ತಟ್ಟಿದರೆ ತಿರುಗುತ್ತದೆ.
ಒದ್ದೆ ಗೋಣಿ.
ನಡುವೆ ಗಾಜಿನ ಭರಣಿ, ಭರಣಿಯಲ್ಲಿ ದ್ರಾಕ್ಷಿ,
ಕ್ರಿಸ್‌ಮಸ್ಸಿಗೆ ಇನ್ನು ಐವತ್ತು ದಿನ.

ಕೆಂಪು ಅಂಕಿ ಹೇಳುತ್ತದೆ: ಇಪ್ಪತ್ತನಾಲ್ಕು.
ಮಾವ ಸಮುವೇಲಪ್ಪ ಭರಣಿಗೆ ಅಂಗೈ ಇಟ್ಟು
'ಸುಳ್ಳು ಹೇಳಾಕತ್ತೈತಿ' ಅನ್ನುತ್ತಾರೆ.

ದಾವಣಗೆರೆಯ ಹತ್ತಿ ಗಿರಣಿಯಲ್ಲಿ
ಮೂವತ್ತೊಂದು ವರ್ಷ ತೇವದ ಖಾತೆ.
ಹವೆ ಒಣಗಿ ನೂಲು ಹರಿಯುವ ಮೊದಲೇ
ಇವರ ಕಿವಿಯ ಹಿಂದೆ ತುರಿಸುತ್ತಿತ್ತಂತೆ.
ಗಿರಣಿ ಮುಚ್ಚಿತು. ತುರಿಕೆ ಉಳಿಯಿತು.

ರಾತ್ರಿ ಎದ್ದು ಸೆನ್ಸರಿನ ತಂತಿ ಹುಡುಕಿದೆ:
ಗಾಳಿಯಲ್ಲಿ ತೂಗುತ್ತಿತ್ತು, ಭರಣಿಯ ಮೈ ಮುಟ್ಟದೆ,
ಗೋಣಿಯ ತಂಪನ್ನೇ ಓದಿ ಓದಿ ಒಪ್ಪಿಸುತ್ತ.
ಒಳಗೆ ದ್ರಾಕ್ಷಿ
ತನ್ನ ಜ್ವರದಲ್ಲಿ ತಾನೇ ಗುಳುಗುಳು.

ಗಾಜಿಗೆ ಒತ್ತಿ, ಹಳೆ ಬನಿಯನ್ನಿನ ಚೂರು ಹೊದಿಸಿ
ಟೇಪು ಸುತ್ತಿದೆ.
ಇಪ್ಪತ್ತೈದು. ಇಪ್ಪತ್ತೇಳು. ಇಪ್ಪತ್ತೊಂಬತ್ತು.
ಫ್ಯಾನು ಬೆಚ್ಚಿಬಿದ್ದು ತಿರುಗಿತು.

ಬೆಳಿಗ್ಗೆ ನಾನು ಹೇಳಲಿಲ್ಲ.
ಅವರೂ ಕೇಳಲಿಲ್ಲ; ಅಂಗೈ ಇಟ್ಟರು,
ಲುಂಗಿಗೆ ಒರೆಸಿಕೊಂಡರು,
'ಚಾಕ್ಕ ಸಕ್ರಿ ಕಮ್ಮಿ ಆಗೈತಿ' ಅಂದರು.