ಎಂಬತ್ತೇಳಕ್ಕ ಒಂದು

ಮೂವತ್ನಾಕ ವರ್ಷ ಹುಬ್ಬಳ್ಳಿ ವರ್ಕ್‌ಶಾಪಿನ್ಯಾಗ
ಹಳೇ ಡಬ್ಬಿ ಹೊಸಾವು ಮಾಡಿದೆ.
ಮುಂಜಾನೆ ಭೋಂಗಾ ಆದರ ರಂದಾ, ಪುಟ್ಟಿ, ಪಾಲಿಶ್ ಕಾಗದ;
ಮಂದಿ ಕುಂತ ಗುರ್ತು, ಎಲಡಿಕಿ ಉಗುಳಿದ ಗುರ್ತು,
ಚಾಕುಲೆ ಕೆತ್ತಿದ ಯಾರದೋ ಹೆಸರು,
ಎಲ್ಲಾ ಸವರಿ ಸಾಪ ಮಾಡೋದಕ್ಕ
ಪಗಾರ ಕೊಟ್ಟರು, ಪಿಂಚಣಿನೂ ಕೊಟ್ಟರು.

ಈಗ ಕೇಶ್ವಾಪುರದ ಮನಿ ಮಾಳಗಿ ಮ್ಯಾಲ
ಹೊಸಾದನ್ನ ಹಳೇದು ಮಾಡಕೋತ ಕುಂತೇನಿ,
ಪುಕ್ಕಟ.

ಬೆಣ್ಣಿಹಳ್ಳದ ದಂಡಿಗೆ ಒಂದ ಕಟಗಿ ಕೇಬಿನ್ನಿತ್ತು
ಮೀಟರ್ ಗೇಜಿನ ಕಾಲದಾಗ.
ಹಳಿ ಅಗಲಾತು, ಕೇಬಿನ್ನಿನ ಹಲಗಿ ಲಿಲಾವಾದವು.
ನಾ ಒಂದ ತಂದೆ, ಸಾಗವಾನಿ, ಮಾರುದ್ದ,
ಬಿಸಲಿಗೆ ಬೆಂದು ಬೂದಿ ಬಣ್ಣಕ್ಕ ತಿರಿಗಿದ್ದು.
ಅಟ್ಟದ ಮ್ಯಾಲ ಉಪ್ಪಿನಕಾಯಿ ಭರಣಿ ಹೊತಗೊಂಡು
ಇಷ್ಟು ದಿನ ಸುಮ್ಮನಿತ್ತು.

ಮೊನ್ನೆ ಇಳಿಸಿ ಕಡ್ಡಿ ಕಡ್ಡಿ ಸೀಳಿದೆ.
ಒಳಗ ನೋಡಿದರ
ನಿನ್ನೆ ಕೊಯ್ದಂಗ! ಬೆಲ್ಲದ ಬಣ್ಣ, ಎಣ್ಣಿ ವಾಸನಿ.
ಐವತ್ತು ಮಳಿಗಾಲ
ಕೂದಲೆಳಿಯಷ್ಟ ಒಳಗ ಇಳದಿತ್ತು,
ಮುಂದಕ್ಕ ಹೋಗಿದ್ದಿಲ್ಲ.

ಅಂದಮ್ಯಾಲ ಇನ್ನೊಮ್ಮೆ ಸುರಸಬೇಕು ಮಳಿ.

ಎಂಬತ್ತೇಳಕ್ಕ ಒಂದು ಅಳತಿ.
ಮೀಟರ್ ಗೇಜು ಅಂದ್ರ ನನ್ನ ಕಿರಿಬಟ್ಟಿನ ಅಗಲ.
ಹನ್ನೊಂದ ಮೆಟ್ಟಲಾ, ಎರಡ ಕಿಡಕಿ,
ಗಾಜಿಗೆ ನನ್ನ ಬಿಪಿ ಗುಳಗಿಯ ಖಾಲಿ ಪ್ಲಾಸ್ಟಿಕ್ಕು,
ತಗಡಿಗೆ ಚಾಕೊಲೇಟಿನ ಬೇಗಡಿ.
ಹಿತ್ತಾಳಿ ಬ್ರಷ್ಶಿಲೆ ನರದ ಗುಂಟ ತಿಕ್ಕಬೇಕು,
ಅಡ್ಡ ತಿಕ್ಕಿದರ ಸುಳ್ಳು ಗೊತ್ತಾಗತೈತಿ.
ಮೊದಲ ಕರೇ ಚಾ. ಒಣಗಿದ ಮ್ಯಾಲ
ತುಕ್ಕು ಮೊಳಿ ನೆನಸಿದ ಲಿಂಬಿಹುಳಿ.
ಕಣ್ಣ ಮುಂದನ ಕಟಗಿ ಮುದಿ ಆಗತೈತಿ,
ಒಂದ ಬೀಡಿ ಮುಗಿಯೋದ್ರಾಗ ಇಪ್ಪತ್ತು ವರ್ಷ.

ಪಡುವಣ ಗ್ವಾಡಿಗೆ ಎರಡ ಸಲ ಹಚ್ಚಿದೆ,
ನಮ್ಮ ಕಡಿ ಮಳಿ ಅತ್ತಲಿಂದನ ಬರೋದು.
ಮೂಡಣಕ್ಕ ಬಿಸಲು. ಅಲ್ಲಿ ಉಪ್ಪಿನ ಹಳ್ಳು ಕುಂದರಿಸಿ
ಮ್ಯಾಲ ಹಸರು ಬಳದು, ಉಗರಿಲೆ ಕೆರದೆ,
ಹಪ್ಪಳಿಕಿ ಎದ್ದು ಉದುರಿತು ಬಣ್ಣ.
ಬುಡಕ್ಕ ಎರಿ ಮಣ್ಣು, ಅರಿವ್ಯಾಗ ಸೋಸಿ ಊದಿದ್ದು.
ಒಂದೊಂದ ಮೊಳಿಗೂ ಸೂಜಿ ತೂತು,
ತೂತಿನ ಕೆಳಗ ತುಕ್ಕಿನ ಗೆರಿ, ರೆಪ್ಪಿಗೂದಲಷ್ಟ.

ಬಾಜೂಮನಿ ಅನ್ವಿತಾ ಬಂದು ಬಗ್ಗಿ ನೋಡಿ
“ಅಜ್ಜಾ, ಚಂದಿತ್ತಲ್ಲ, ಯಾಕ ಹೊಲಸ ಮಾಡಿದಿ?” ಅಂದಳು.
ಹೊಲಸಲ್ಲವಾ, ಅದು ಹಾಜರಿ ಪುಸ್ತಕ ಅನ್ನಬೇಕಂತಿದ್ದೆ.
ಬಾಯಾಗ ಸೂಜಿ ಇತ್ತು.

ಎಲ್ಲಾ ಆತು, ಒಂದ ಉಳೀತು.
ಲಿವರಿನ ಹಿಂದ, ಸ್ಟೂಲ್ ಇಡೋ ಕಡಿಗೆ
ಧಪಾಟಿಯಷ್ಟಗಲ ಒಂದ ಜಿಡ್ಡಿನ ಕಲಿ ಇತ್ತು,
ಕೇಬಿನ್‌ಮನ್ ದಾವಲಸಾಬ ರಾತ್ರಿಪಾಳ್ಯಾಗ
ತಲಿ ಆನಿಸಿ ಆನಿಸಿ ಮೂಡಿದ್ದು.
ಹೊಸಾದಾಗಿ ಕೆಲಸಕ್ಕ ಸೇರಿದಾಗ
ಕಿಡಕಿ ರಿಪೇರಿಗೆ ನನ್ನ ಕಳಿಸಿದ್ದರು.
“ಅದನ್ನೂ ಉಜ್ಜಿ ತಗಿ” ಅಂದರು ಸಾಹೇಬರು.
ಉಜ್ಜಿದೆ. ದಾವಲಸಾಬ ಬಾಜೂಕ ನಿಂತು
ಚಾ ಕುಡಕೋತ ನೋಡಿದ, ಏನೂ ಅನ್ನಲಿಲ್ಲ.
ತಿಂಗಳೊಪ್ಪತ್ತಿನ್ಯಾಗ ಮತ್ತ ಅಲ್ಲೇ ಮೂಡಿತ್ತಂತ.

ಎಷ್ಟೆತ್ತರಕ್ಕಿತ್ತು? ಕೇಳಾಕ ಅವನಿಲ್ಲ.
ನನಗಿಂತ ನಾಕ ಬಟ್ಟು ಗಿಡ್ಡ, ಅಷ್ಟ ನೆನಪು.
ತಲಿಗೆ ಔಡಲೆಣ್ಣಿ ಹಚ್ಚಿಕೊಂಡು, ಸ್ಟೂಲ್ ಹಾಕಿ,
ಪಡಸಾಲಿ ಗ್ವಾಡಿಗೆ ಆತು ಕುಂತೆ.
ಖರೇನ ಝೊಂಪು ಹತ್ತಿತು.
ಎದ್ದು ಟೇಪ್ ಹಿಡದೆ, ನಾಕ ಬಟ್ಟು ಕಳದೆ:
ನಾಕ ಅಡಿ.
ಭಾಗಿಸಿದರ ಹದಿನಾಕ ಮಿಲಿಮೀಟರ್.
ಸೂಜಿ ತುದಿಲೆ ಎಣ್ಣಿ, ಹನಿನೂ ಅಲ್ಲ, ಹನಿಯ ವಾಸನಿ.

ಕೆಳಗ ಸಾವಂತ್ರಿ ಒದರಾಕ್ಹತ್ಯಾಳ,
“ದೀಪಾವಳಿಗೆ ಬಣ್ಣಾ ಹೊಡದ ಗ್ವಾಡಿ!
ಯಾರ ತಲಿ ಇದು?”