ಎರಡು ಸೀಸೆ

ಅರ್ಧ ಗಳಿಗೆ ಮೊದಲು ಹುಟ್ಟಿದ್ದಕ್ಕೆ
ಲುತ್ಫುನ್ ಅಕ್ಕ, ನಾನು ತಂಗಿ.
ಇಬ್ಬರಿಗೂ ಒಂದೇ ಮೂಗು, ಒಂದೇ ಅರೆತಲೆನೋವು.
ಒಂದೇ ತಲೆ ಕೊಯ್ದು ಹಂಚಿಕೊಂಡು ಬಂದಿರಿ
ಅನ್ನುತ್ತಿದ್ದಳು ಅಮ್ಮ.

ಚಾಂದ್‌ಪುರದ ಮೀನುಕಟ್ಟೆಯಲ್ಲಿ
ಇಲಿಶ್ ಮೀನಿಗೆ ಉಪ್ಪು ತುಂಬುವುದು ನಮ್ಮ ಕೆಲಸ.
ಲಾಂಚಿನ ಸಿಳ್ಳೆಗೆ, ಐಸಿನ ಮೇಲಿನ ಬಿಸಿಲಿಗೆ
ಕಣ್ಣಿನ ಹಿಂದೆ ಯಾರೋ ದಬ್ಬಣ ಆಡಿಸುತ್ತಾರೆ.
ಇವತ್ತು ಯಾವ ತಲೆಗೆ ರಜ, ಎಂದು ಮೇಸ್ತ್ರಿಯ ನಗೆ.

ನಿಬಾರಣ್ ಶೀಲ್ ಡಾಕ್ಟರ ಬಳಿ ಜೊತೆಗೇ ಹೋದೆವು,
ಒಂದು ಫೀಜಿಗೆ ಎರಡು ತಲೆ ಎಂಬ ಲೆಕ್ಕ.
ಅವರು ಒಪ್ಪಲಿಲ್ಲ.
ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು.
ಲುತ್ಫುನ್ ಒಳಗೆ ಹೋದದ್ದು ಅಸರ್ ನಮಾಜಿನ ಹೊತ್ತಿಗೆ,
ಬಂದದ್ದು ದೀಪ ಹಚ್ಚಿದ ಮೇಲೆ.

ಆಮೇಲೆ ನಾನು.
ಎಡವೋ ಬಲವೋ? ಬಲ.
ಬಿಸಿಲಿಗೋ ಬೈಗುಳಕ್ಕೋ? ಎರಡಕ್ಕೂ.
ಉಪ್ಪು ಇಷ್ಟವೇ? ನಗು ಬಂತು, ಕೈ ತೋರಿಸಿದೆ,
ಬೆರಳ ಸಂದಿಯ ಬಿರುಕೆಲ್ಲ ಬಿಳಿ.
ಕನಸು? ಹಲ್ಲು ಉದುರುತ್ತವೆ, ಎಣಿಸುತ್ತಿರುತ್ತೇನೆ.
ಅಳುವಾಗ ಯಾರಾದರೂ ಸಮಾಧಾನ ಹೇಳಿದರೆ?
ನಾನು ಫ್ಯಾನು ನೋಡಿದೆ.
ಯಾರೂ ಹೇಳಿ ನೋಡಿಲ್ಲ, ಗೊತ್ತಿಲ್ಲ ಎಂದೆ.
ಅದನ್ನೂ ಬರೆದುಕೊಂಡರು.

ಎರಡು ಸೀಸೆ. ಸಾಬಕ್ಕಿಯಂಥ ಗುಳಿಗೆ.
ಕಣ್ಣಿಗೆ ಒಂದೇ, ನಾಲಿಗೆಗೆ ಒಂದೇ,
ಚೀಟಿ ಮಾತ್ರ ಬೇರೆ ಬೇರೆ.

ಅಷ್ಟು ಹೊತ್ತು ಏನು ಹೇಳಿದೆ, ಎಂದು ಕೇಳಿದೆ ದೋಣಿಯಲ್ಲಿ.
ಡಾಕಾತಿಯಾ ಮೇಘನಾಗೆ ಬೀಳುವ ಸುಳಿಯಲ್ಲಿ
ದೋಣಿ ಕುಲುಕಿತು. ಅವಳು ಸೀಸೆಯನ್ನು
ರವಕೆಯೊಳಗೆ ಸರಿಸಿ, ನಿನ್ನದು ಬೇರೆ ನೋವು, ಎಂದಳು.
ಮೂವತ್ತೊಂಬತ್ತು ವರ್ಷಕ್ಕೆ ಮೊದಲ ಸಲ
ಅವಳಿಗೂ ಒಂದು ಸ್ವಂತ ತಲೆ ಇದೆಯೆಂದು
ನನಗೆ ಹೊಟ್ಟೆ ಉರಿಯಿತು.

ಸೋರುವ ತಗಡಿನ ಕೆಳಗೆ ಚೀಟಿಗಳ ಶಾಯಿ ಹರಿದುಹೋಯಿತು.
ಯಾವುದು ಯಾರದು? ಇಬ್ಬರೂ ಕೇಳಲಿಲ್ಲ.
ಕೈಗೆ ಸಿಕ್ಕಿದ್ದನ್ನು ಚೀಪಿದೆವು.

ಒಂದು ಶುಕ್ರವಾರ ನೋವು ಬಂತು, ಇನ್ನೊಂದು ಶುಕ್ರವಾರ ಇಲ್ಲ,
ಮತ್ತೊಂದು ಸಲ ಹೊಸಿಲವರೆಗೆ ಬಂದು ಹಾಗೇ ತಿರುಗಿತು.
ಗುಳಿಗೆಯೋ, ಮೋಡವೋ,
ಮೀನು ಹಿಡಿಯಬಾರದ ಇಪ್ಪತ್ತೆರಡು ದಿನಗಳ ನಿದ್ದೆಯೋ,
ನಾನರಿಯೆ.

ಆದರೆ ಒಂದು ರಾತ್ರಿ ಹಲ್ಲು ಉದುರಲಿಲ್ಲ.
ಹಳದಿ ಕೊಡೆ ಹಿಡಿದ ಗಂಡಸೊಬ್ಬ ಲಾಂಚು ಹತ್ತುತ್ತಿದ್ದ,
ದಡದಲ್ಲಿ ನಾನು, ಕೂಗಲು ಬಾಯಿಲ್ಲ.
ಗುರುತೇ ಇಲ್ಲದ ಬೆನ್ನು.
ಆದರೂ ಎದ್ದಾಗ ದಿಂಬು ಒದ್ದೆ.

ಪಕ್ಕದ ಚಾಪೆ ನೋಡಿದೆ.
ಲುತ್ಫುನ್ ಎಚ್ಚರವಾಗಿದ್ದಳು,
ಬಾಯಿ ಮುಚ್ಚಿಕೊಂಡು, ನಾಲಿಗೆಯ ತುದಿಯಿಂದ
ಒಂದೊಂದೇ ಹಲ್ಲು ಎಣಿಸುತ್ತ.